ರಾಜವಿವಾಹದ ಚಿತ್ರ ಮತ್ತು ಹೆಸರಿನ ಪ್ರಶ್ನೆ: ವಿಂಡ್ಸರ್, ಕೊಡಗು, ಬಂಕಾಪುರ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಸಾಂಪ್ರದಾಯಿಕ ಮದುವೆಗಳಲ್ಲಿ ಚಿತ್ರಕ್ಕೆ ಒಂದು ಖಚಿತವಾದ ಸ್ಥಾನವಿದೆ. ಕುಂಬಾರರ ಮನೆಯಿಂದ ವಾದ್ಯಸಮೇತ ತರುವ ಐರಾಣಿ ಗಡಿಗೆಗಳ ಮೇಲೆ ಸುಣ್ಣ, ಕೆಮ್ಮಣ್ಣುಗಳ ಬರೆಹವಿರುತ್ತದೆ. ವಧೂವರರು ಕೂಡುವ ಹಸೆಯ ಜಾಗವನ್ನು ಸಾರಿಸಿ ರಂಗವಲ್ಲಿ ಹಾಕಲಾಗುತ್ತದೆ. ನಾಲ್ಕು ಮೂಲೆಗೆ ಕೊಡಗಳನ್ನಿರಿಸಿ ನೂಲು ಸುತ್ತಿದ ಸುರಗಿಯೂ ಒಂದು ರೀತಿಯಲ್ಲಿ ನೆಲದ ಮೇಲೆ ಬರೆದ ಚಿತ್ರವೇ. (ರಾಣೆಬೆನ್ನೂರು ತಾಲ್ಲೂಕಿನಲ್ಲಿ ಐರಣಿ ಎಂಬ ಕೋಟೆಯ ಊರೊಂದಿದೆ. ಗಡಿಗೆಯ ಹೆಸರಿಗೂ ಆ ಊರಿಗೂ ನಂಟು ಕಟ್ಟುವ ಉತ್ಸಾಹವನ್ನು ಇಲ್ಲಿ ಬಿಟ್ಟುಬಿಡುವುದೇ ಲೇಸು.) ಇವುಗಳಲ್ಲಿ ಯಾವುದನ್ನೂ ಕಾಯ್ದಿಡುವ ರೂಢಿಯಿಲ್ಲ. ಹಂದರ ಇಳಿಯುತ್ತಲೇ ನೂಲು ಬಿಚ್ಚುತ್ತದೆ, ರಂಗವಲ್ಲಿ ಅಳಿಯುತ್ತದೆ, ಗಡಿಗೆಗಳು ನಿತ್ಯದ ಬಳಕೆಗೆ ಸೇರುತ್ತವೆ ಇಲ್ಲವೆ ಒಡೆಯುತ್ತವೆ.

ಹಾಗಾದರೆ ಮದುವೆ ನಡೆದುದಕ್ಕೆ ದಾಖಲೆ ಯಾವುದು? ನೆರೆದವರ ಅಕ್ಕಿಕಾಳು ಒಂದು. ಅಕ್ಕಿಕಾಳು ಹಾಕಿದವರೆಲ್ಲ ಆ ಮದುವೆಯ ಸಾಕ್ಷಿಗಳು. ಯಾರು ಏನು ಕೊಟ್ಟರೆಂಬುದನ್ನು ಹೆಸರು ಹಿಡಿದು ಸಾರುವ ಆಯೇರಿ ಇನ್ನೊಂದು. ಇವೆರಡಕ್ಕಿಂತ ಸೂಕ್ಷ್ಮವಾದುದು ಒಡಪು. ಹೊಸಿಲಿನಲ್ಲಿ ಅಡ್ಡಗಟ್ಟಿದ ಹೆಂಗಸರ ಮುಂದೆ ವಧು ವರನ ಹೆಸರನ್ನೂ ವರ ವಧುವಿನ ಹೆಸರನ್ನೂ ಪ್ರಾಸದಲ್ಲಿ ಹೊಂದಿಸಿ ಹೇಳಬೇಕು. ಹೇಳದೆ ಒಳಗೆ ಪ್ರವೇಶವಿಲ್ಲ. ಗಂಡನ ಹೆಸರೆತ್ತುವುದು ನಿಷಿದ್ಧವಾಗಿದ್ದ ಸಮಾಜದಲ್ಲಿ ಅವನ ಹೆಸರನ್ನು ಹೆಣ್ಣು ಬಹಿರಂಗವಾಗಿ ನುಡಿಯುವ ಗಳಿಗೆ ಇದು. ಹೆಣ್ಣಿನ ಹೆಸರನ್ನು ಗಂಡು ಎಲ್ಲರೆದುರು ಒಪ್ಪಿಕೊಳ್ಳುವ ಗಳಿಗೆಯೂ ಇದೇ ಎಂಬುದನ್ನು ವಿದ್ವಾಂಸರು ಅಷ್ಟಾಗಿ ಗಮನಿಸಿಲ್ಲ.

ಈ ಲೋಕದೃಷ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು, ಇದಕ್ಕೆ ತೀರ ವಿರುದ್ಧವಾದ ಒಂದು ಚಿತ್ರಪ್ರಕಾರವನ್ನು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಅದು ಅಳಿಯಬಾರದೆಂದೇ ಬರೆಸಿದ, ಗೋಡೆಯಳತೆಯ ತೈಲವರ್ಣದ ರಾಜವಿವಾಹ ಚಿತ್ರ. ನೋಡಬೇಕಾದ ಚಿತ್ರ ಇಂಗ್ಲೆಂಡಿನದು, ಅದರಲ್ಲಿನ ಮದುವೆ ಚರ್ಚಿನದು. ಆದರೆ ಅದರ ಹಿಂದೆ ಕನ್ನಡ ನಾಡಿನ ಅರಸುಮನೆತನದ ಹೆಣ್ಣುಮಗಳೊಬ್ಬಳ ಕಥೆಯಿದೆ. ಆ ಕಥೆಯಿಂದ ಮರಳಿ ಹಾವೇರಿ ಸೀಮೆಯ ಬಂಕಾಪುರಕ್ಕೆ ಬರಲು ದಾರಿಯೂ ಇದೆ.

ಲಂಡನ್ನಿನ ರಾಯಲ್ ಅಕಾಡೆಮಿ ಸ್ಥಾಪನೆಯಾದುದು 1768ರಲ್ಲಿ. ಯುರೋಪಿನ ಕಲಾ ಅಕಾಡೆಮಿಗಳ ಶ್ರೇಣಿಯಲ್ಲಿ ಚಾರಿತ್ರಿಕ ಚಿತ್ರಕ್ಕೆ ಮೇಲಿನ ಪೀಠ, ಭಾವಚಿತ್ರಕ್ಕೆ ಅದಕ್ಕಿಂತ ಕೆಳಗಿನದು, ನಿಸರ್ಗದೃಶ್ಯಕ್ಕೆ ಇನ್ನೂ ಕೆಳಗಿನದು. ಸಮಕಾಲೀನ ರಾಜವಿವಾಹದ ಚಿತ್ರ ಈ ಶ್ರೇಣಿಯಲ್ಲಿ ವಿಚಿತ್ರವಾದ ಸ್ಥಾನದಲ್ಲಿತ್ತು. ಗಾತ್ರದಿಂದಲೂ ಗಾಂಭೀರ್ಯದಿಂದಲೂ ಅದು ಚಾರಿತ್ರಿಕ ಚಿತ್ರ. ಒಳಗಿನ ಕೆಲಸ ಮಾತ್ರ ಹತ್ತಾರು ಭಾವಚಿತ್ರಗಳನ್ನು ಒಂದೇ ಬಟ್ಟೆಯ ಮೇಲೆ ಹೊಂದಿಸುವುದು. ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ ಈ ಪ್ರಕಾರ ಒಂದು ಪದ್ಧತಿಯಾಗಿಯೇ ಬೆಳೆಯಿತು. 1840ರ ಫೆಬ್ರವರಿ 10ರಂದು ನಡೆದ ಅವಳದೇ ಮದುವೆಯನ್ನು ಜಾರ್ಜ್ ಹೇಟರ್ ಚಿತ್ರಿಸಿದ. 1858ರಲ್ಲಿ ನಡೆದ ಹಿರಿಯ ಮಗಳ ಮದುವೆಯನ್ನು ಜಾನ್ ಫಿಲಿಪ್ ಚಿತ್ರಿಸಿದ. ಯುವರಾಜ ಆಲ್ಬರ್ಟ್ ಎಡ್ವರ್ಡ್ ಡೆನ್ಮಾರ್ಕಿನ ರಾಜಕುಮಾರಿ ಅಲೆಕ್ಸಾಂಡ್ರಾಳನ್ನು ವರಿಸಿದ್ದು 1863ರ ಮಾರ್ಚ್ 10ರಂದು, ವಿಂಡ್ಸರ್ ಕೋಟೆಯ ಸೇಂಟ್ ಜಾರ್ಜ್ ದೇವಾಲಯದಲ್ಲಿ. ಅದನ್ನು ಚಿತ್ರಿಸುವ ಹೊಣೆ ವಿಲಿಯಂ ಪವೆಲ್ ಫ್ರಿತ್‌ನ ಪಾಲಿಗೆ ಬಂತು.

ಫ್ರಿತ್ (1819–1909) ಅರಮನೆಯ ಚಿತ್ರಕಾರನಲ್ಲ; ಜನಸಂದಣಿಯ ಚಿತ್ರಕಾರ. ಡರ್ಬಿ ಕುದುರೆಪಂದ್ಯದ ಮೈದಾನ, ರೈಲು ನಿಲ್ದಾಣ ಇವು ಅವನಿಗೆ ಹೆಸರು ತಂದ ವಸ್ತುಗಳು. ಜಾತ್ರೆಯನ್ನು ಬರೆಯಬಲ್ಲವನು ರಾಜಸಭೆಯನ್ನೂ ಬರೆದಾನೆಂಬ ಲೆಕ್ಕ ಅರಮನೆಯದಾಗಿತ್ತೆಂದು ತೋರುತ್ತದೆ. ಮದುವೆಯ ದಿನ ಅವನು ದೇವಾಲಯದಲ್ಲಿಯೇ ಹಾಜರಿದ್ದು ಎಲ್ಲವನ್ನೂ ಕಂಡ. ಆದರೆ ಕಂಡದ್ದು ಒಂದು ದಿನ, ಬರೆದದ್ದು ಎರಡು ವರ್ಷ. ಸುಮಾರು ಮೂರು ಮೀಟರ್ ಅಗಲ, ಎರಡು ಮೀಟರಿಗಿಂತ ಹೆಚ್ಚು ಎತ್ತರದ ಆ ಬಟ್ಟೆಯ ಮೇಲೆ ಕಾಣಿಸಬೇಕಾದ ಗಣ್ಯರನ್ನೆಲ್ಲ ಒಬ್ಬೊಬ್ಬರಾಗಿ ಚಿತ್ರಶಾಲೆಗೆ ಕರೆಸಿ ಕೂಡಿಸಿಕೊಳ್ಳಬೇಕಿತ್ತು. ಬಾರದವರಿಗೆ ಪತ್ರ ಬರೆಯಬೇಕಿತ್ತು, ಅವರು ಅಂದು ತೊಟ್ಟ ಉಡುಪನ್ನು ಎರವಲು ತರಿಸಬೇಕಿತ್ತು, ಛಾಯಾಚಿತ್ರಗಳ ನೆರವು ಪಡೆಯಬೇಕಿತ್ತು. 1887ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಅವನು ಈ ಪಾಡನ್ನು ತಮಾಷೆಯಾಗಿಯೇ ಹೇಳಿಕೊಂಡಿದ್ದಾನೆ. 1865ರ ಅಕಾಡೆಮಿ ಪ್ರದರ್ಶನದಲ್ಲಿ ಚಿತ್ರ ಜನರ ಮುಂದೆ ಬಂತು. ಇಂದು ಅದು ಬ್ರಿಟನ್ನಿನ ರಾಜಸಂಗ್ರಹದಲ್ಲಿದೆ.

ಒಂದು ದಿನದ ಘಟನೆಯನ್ನು ಎರಡು ವರ್ಷಗಳಲ್ಲಿ ಬಿಡಿಬಿಡಿಯಾಗಿ ಸಂಗ್ರಹಿಸಿ ಕೂಡಿಸಿದ ಈ ಕ್ರಮವನ್ನು ಜಾನಪದ ಅಧ್ಯಯನಕಾರರು ಬಲ್ಲರು. ಚದುರಿದ ಪಾಠಗಳಿಂದ ಒಂದು ‘ಶುದ್ಧಪಾಠ’ ಕಟ್ಟುವುದೂ ಇದೇ ಕೆಲಸ. ಶುದ್ಧಪಾಠದಲ್ಲಿ ಗದ್ದಲ ಇಳಿದುಹೋಗುತ್ತದೆ. ಅಂದು ದೇವಾಲಯದಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗನಿದ್ದ. ರಾಣಿಯ ಮೊಮ್ಮಗ, ಮುಂದೆ ಜರ್ಮನಿಯ ಚಕ್ರವರ್ತಿಯಾದ ವಿಲ್ಹೆಲ್ಮ್. ಸುಮ್ಮನಿರಿಸಲು ಬಂದ ಸೋದರಮಾವಂದಿರ ಕಾಲನ್ನು ಅವನು ಕಚ್ಚಿದನೆಂಬ ಪ್ರಸಂಗ ಬಹುಪ್ರಸಿದ್ಧ. ಬಟ್ಟೆಯ ಮೇಲೆ ಯಾರೂ ಯಾರನ್ನೂ ಕಚ್ಚುವುದಿಲ್ಲ. ನಮ್ಮ ಸೋಬಾನೆ ಹಾಡುವ ಹೆಂಗಸರಾಗಿದ್ದರೆ ಆ ಕಚ್ಚುವಿಕೆಯನ್ನೇ ಮೊದಲು ಹಾಡಿಗೆ ಕಟ್ಟಿ ಬೀಗರನ್ನು ಹಾಸ್ಯ ಮಾಡುತ್ತಿದ್ದರು.

ಚಿತ್ರದ ನಡುವಿನಲ್ಲಿ ಆರ್ಚ್‌ಬಿಷಪ್ಪನ ಮುಂದೆ ವಧೂವರರಿದ್ದಾರೆ, ವಧುವಿನ ಹಿಂದೆ ಎಂಟು ಮಂದಿ ಗೆಳತಿಯರಿದ್ದಾರೆ. ಆದರೆ ನೋಡುವವರ ಕಣ್ಣು ಅಲ್ಲಿ ನಿಲ್ಲುವುದಿಲ್ಲ. ಪೀಠದ ಪಕ್ಕದ ಎತ್ತರದ ಗವಾಕ್ಷದಲ್ಲಿ ಕಪ್ಪು ಉಡುಪಿನ ಹೆಂಗಸೊಬ್ಬಳು ನಿಂತು ಕೆಳಗೆ ನೋಡುತ್ತಿದ್ದಾಳೆ. ಅವಳು ವಿಕ್ಟೋರಿಯಾ ರಾಣಿ. ಪತಿ ಆಲ್ಬರ್ಟ್ 1861ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದ. ಸೂತಕದ ಉಡುಪನ್ನು ಬಿಡಲೊಪ್ಪದ ರಾಣಿ ಮಗನ ಮದುವೆಯ ಸಭೆಯೊಳಗೆ ಕೂಡದೆ ಮೇಲಿನಿಂದಲೇ ನೋಡಿದಳು. ವಿಧವೆಯನ್ನು ಹಂದರದಿಂದ ದೂರವಿರಿಸುವ ಕ್ರೂರ ರೂಢಿ ನಮ್ಮ ಸೀಮೆಗೂ ಹೊಸದಲ್ಲ. ಇಲ್ಲಿ ಆ ದೂರ ಬಲವಂತದ್ದಲ್ಲ, ಆಯ್ದುಕೊಂಡದ್ದು. ಅದು ಅವಳನ್ನು ಮೂಲೆಗೆ ತಳ್ಳದೆ ಇಡೀ ಚಿತ್ರದ ಒಡತಿಯನ್ನಾಗಿ ಮಾಡಿದೆ. ಮದುವೆ ಮಗನದು, ಚಿತ್ರ ಮಾತ್ರ ತಾಯಿಯದು.

ನೆರೆದವರ ನಡುವೆ ಭಾರತೀಯ ವೇಷದ ಒಬ್ಬ ಅತಿಥಿಯಿದ್ದಾನೆ. ಅವನು ಮಹಾರಾಜಾ ದುಲೀಪ್ ಸಿಂಗ್. ಪಂಜಾಬಿನ ಸಿಖ್ ರಾಜ್ಯ 1849ರಲ್ಲಿ ಕಂಪನಿಯ ವಶವಾದಾಗ ಹತ್ತು ವರ್ಷದ ಬಾಲಕ. 1853ರಲ್ಲಿ ಫತೇಗಢದಲ್ಲಿ ಕ್ರೈಸ್ತಮತಕ್ಕೆ ಸೇರಿದ, 1854ರಲ್ಲಿ ಇಂಗ್ಲೆಂಡಿಗೆ ಹೋದ. ರಾಜ್ಯ ಕಳೆದುಕೊಂಡವನು ರಾಜ್ಯ ಕಳೆದವರ ಮನೆಯ ಮದುವೆಗೆ ಸಾಕ್ಷಿಯಾಗಿ ನಿಂತಿರುವ ಈ ದೃಶ್ಯವನ್ನು ಹಳ್ಳಿಯ ಭಾಷೆಯಲ್ಲಿ ಹೇಳುವುದಾದರೆ, ಅಕ್ಕಿಕಾಳಿಗೆ ಅವನೂ ಬೇಕಿತ್ತು. ಅವನಿಲ್ಲದಿದ್ದರೆ ಆ ಸಭೆ ಒಂದು ದ್ವೀಪದ ರಾಜಸಭೆಯಾಗುತ್ತಿತ್ತು. ಅವನ ಪೇಟ, ಆಭರಣಗಳಿಂದ ಅದು ಸಾಮ್ರಾಜ್ಯದ ಸಭೆಯಾಯಿತು.

ಇದೇ ದುಲೀಪ್ ಸಿಂಗನಿಗೆ ಮದುವೆ ಮಾಡಿಸಬೇಕೆಂದು ವಿಕ್ಟೋರಿಯಾ ರಾಣಿ ಮನಸ್ಸಿನಲ್ಲಿ ನೆನೆದಿದ್ದ ಹೆಣ್ಣು ಕೊಡಗಿನ ಗೌರಮ್ಮ.

ಕೊಡಗಿನ ಹಾಲೇರಿ ಅರಸರು ಲಿಂಗಾಯತರು. ಅವರ ಮೂಲ ಇಕ್ಕೇರಿಯ ಮನೆತನವೆಂಬ ಪರಂಪರೆ ಬಲವಾಗಿದೆ. ಆಡಳಿತದ ಭಾಷೆ ಕನ್ನಡ. ಕೊನೆಯ ಅರಸ ಚಿಕ್ಕ ವೀರರಾಜೇಂದ್ರ 1834ರಲ್ಲಿ ಪದಚ್ಯುತನಾಗಿ ವೆಲ್ಲೂರಿಗೂ ಅಲ್ಲಿಂದ ಕಾಶಿಗೂ ಕಳುಹಿಸಲ್ಪಟ್ಟ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿಯಿಂದ ಕನ್ನಡ ಓದುಗರಿಗೆ ಈ ಪತನದ ಕಥೆ ಪರಿಚಿತ. ಆದರೆ ಅದರ ಮುಂದಿನ ಭಾಗ, ಎಂದರೆ ದೇಶಭ್ರಷ್ಟ ಅರಸನ ಮಗಳ ಬದುಕು, ಬಹುಕಾಲ ಇಂಗ್ಲಿಷ್ ದಾಖಲೆಗಳೊಳಗೇ ಉಳಿಯಿತು. ಗೌರಮ್ಮ ಹುಟ್ಟಿದ್ದು 1841ರಲ್ಲಿ. 1852ರಲ್ಲಿ ಅರಸ ಅವಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಕೊಡಗಿನ ಬೊಕ್ಕಸದಿಂದ ಕಂಪನಿಯ ಸಾಲಪತ್ರಗಳಲ್ಲಿ ತೊಡಗಿಸಿದ್ದ ಹಣವನ್ನು ಮರಳಿ ಪಡೆಯಲು ದಾವೆ ಹೂಡುವುದು ಅವನ ಉದ್ದೇಶಗಳಲ್ಲೊಂದು. ಮಗಳು ರಾಣಿಯ ಆಶ್ರಯದಲ್ಲಿದ್ದರೆ ದಾವೆಗೆ ಬಲ ಬಂದೀತೆಂಬ ಎಣಿಕೆಯೂ ಇದ್ದಿರಬೇಕು. ದಾವೆ ಗೆಲ್ಲಲಿಲ್ಲ. ಮಗಳು ಮಾತ್ರ ಕೈಬಿಟ್ಟಳು.

ಅದೇ ವರ್ಷ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಅವಳಿಗೆ ದೀಕ್ಷಾಸ್ನಾನ ಮಾಡಿಸಿದ. ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಅವಳ ಹೆಸರಿನ ಮುಂದೆ ಇರಿಸಿದಳು. ಗೌರಮ್ಮ ವಿಕ್ಟೋರಿಯಾ ಗೌರಮ್ಮಳಾದಳು. ಐರೋಪ್ಯ ಅರಮನೆಗಳ ಅಚ್ಚುಮೆಚ್ಚಿನ ಚಿತ್ರಕಾರ ವಿಂಟರ್‌ಹಾಲ್ಟರ್ ರಾಣಿಯ ಆಜ್ಞೆಯಂತೆ ಅವಳ ಪೂರ್ಣಾಕೃತಿಯ ಭಾವಚಿತ್ರ ಬರೆದ. ಶಿಲ್ಪಿ ಮರೊಕೆಟ್ಟಿ ಅವಳ ಎದೆಮಟ್ಟದ ಪ್ರತಿಮೆಯನ್ನು ಕಡೆದು ಬಣ್ಣ ತುಂಬಿದ. ಎರಡು ವರ್ಷಗಳ ಬಳಿಕ ಇದೇ ವಿಂಟರ್‌ಹಾಲ್ಟರ್ ದುಲೀಪ್ ಸಿಂಗನನ್ನೂ ಚಿತ್ರಿಸಿದ. ಎರಡೂ ಚಿತ್ರಗಳಲ್ಲಿ ಉಡುಪು ಭಾರತೀಯ, ಒಡವೆ ಭಾರತೀಯ. ಮತವನ್ನು ಬದಲಿಸಿದವರು ವೇಷವನ್ನು ಬದಲಿಸಿದಂತೆ ಕಾಣಬಾರದೆಂಬುದು ಅಂದಿನ ಅಭಿರುಚಿ. ವೇಷ ಉಳಿದರೆ ತಾನೇ ಬದಲಾವಣೆಯ ಮಹತ್ತ್ವ ಕಾಣಿಸುವುದು!

ಜೋಡಿ ಭಾವಚಿತ್ರಗಳಿದ್ದವು, ಜೋಡಿ ಕೂಡಲಿಲ್ಲ. ದುಲೀಪ್ ಸಿಂಗ್ ಒಪ್ಪಲಿಲ್ಲ. ಅವನ ಪಾಲಕಿಯಾಗಿದ್ದ ಲೇಡಿ ಲಾಗಿನ್‌ಳ ಸಹೋದರ, ಸೈನ್ಯಾಧಿಕಾರಿ ಜಾನ್ ಕ್ಯಾಂಪ್‌ಬೆಲ್ ಎಂಬಾತನನ್ನು ಗೌರಮ್ಮ 1860ರಲ್ಲಿ ಮದುವೆಯಾದಳು. ಅವನು ಅವಳಿಗಿಂತ ಬಹಳ ಹಿರಿಯ, ವಿಧುರ. ಚಿಕ್ಕ ವೀರರಾಜೇಂದ್ರ 1859ರಲ್ಲಿಯೇ ಲಂಡನ್ನಿನಲ್ಲಿ ತೀರಿಕೊಂಡಿದ್ದ. ಹೀಗಾಗಿ ಅದು ತವರಿಲ್ಲದ ಮದುವೆ. ಹೆಣ್ಣನ್ನು ಒಪ್ಪಿಸಿಕೊಡುವ ತಂದೆಯಿಲ್ಲ, ಉಡಿತುಂಬುವ ಹೆಂಗಸರಿಲ್ಲ, ಅವಳ ಹುಟ್ಟಿನ ಭಾಷೆಯ ಒಂದು ಸೋಬಾನೆಯಿಲ್ಲ. ರಾಣಿಯ ಧರ್ಮಪುತ್ರಿಯಾದರೂ ಅವಳ ಮದುವೆಯನ್ನು ಚಿತ್ರಿಸಲು ಹೇಟರನಿಗಾಗಲಿ ಫಿಲಿಪ್ಪನಿಗಾಗಲಿ ಫ್ರಿತ್‌ನಿಗಾಗಲಿ ಅರಮನೆಯಿಂದ ಆಜ್ಞೆ ಹೊರಡಲಿಲ್ಲ. ದೀಕ್ಷೆಯ ವರ್ಷದ ಬಾಲಿಕೆ ಚಿತ್ರಾರ್ಹಳಾಗಿದ್ದಳು, ಕ್ಯಾಂಪ್‌ಬೆಲ್ಲನ ಹೆಂಡತಿ ಆಗಿರಲಿಲ್ಲ.

ವರ್ಷಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಫ್ರಿತ್ ತನ್ನ ದೊಡ್ಡ ಬಟ್ಟೆಯ ಮೇಲೆ ಗಣ್ಯರನ್ನು ಒಬ್ಬೊಬ್ಬರಾಗಿ ಕೂಡಿಸುತ್ತಿದ್ದುದು 1863ರಿಂದ 1865ರವರೆಗೆ. ಗೌರಮ್ಮ ಕ್ಷಯದಿಂದ ಸತ್ತದ್ದು 1864ರ ಮಾರ್ಚಿನಲ್ಲಿ, ಇಪ್ಪತ್ತಮೂರು ತುಂಬುವ ಪ್ರಾಯದಲ್ಲಿ. ಅದೇ ವರ್ಷದ ಜೂನ್ ತಿಂಗಳಿನಲ್ಲಿ ದುಲೀಪ್ ಸಿಂಗ್ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಬಾಂಬಾ ಮುಲ್ಲರಳನ್ನು ಮದುವೆಯಾದ. ಬಟ್ಟೆಯ ಮೇಲೆ ಅವನು 1863ರ ಅತಿಥಿಯಾಗಿಯೇ ಸ್ಥಿರವಾಗಿ ನಿಂತಿದ್ದಾನೆ. ಗೌರಮ್ಮನ ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. 1861ರಲ್ಲಿ ಹುಟ್ಟಿದ ಮಗಳಿಗೆ ಎಡಿತ್ ವಿಕ್ಟೋರಿಯಾ ಗೌರಮ್ಮ ಎಂದು ಹೆಸರಿಟ್ಟಿದ್ದರು. ತಾಯಿಯ ಹೆಸರು ಮಗಳ ಹೆಸರಿನ ಕೊನೆಯಲ್ಲಿ, ರಾಣಿಯ ಹೆಸರಿನ ಬಳಿಕ, ಉಳಿಯಿತು.

ಕೊಡಗಿನ ಅರಸುಮನೆತನದಲ್ಲಿ ಮದುವೆಗೆ ಶಾಶ್ವತವಾದ ಗುರುತು ಇರಲಿಲ್ಲವೆಂದಲ್ಲ. ಗೌರಮ್ಮನ ಅಜ್ಜ ಲಿಂಗರಾಜೇಂದ್ರನ ಅಣ್ಣ ದೊಡ್ಡ ವೀರರಾಜೇಂದ್ರ ಕಕ್ಕಬ್ಬೆಯ ಬಳಿ, ತಡಿಯಂಡಮೋಳ್ ಬೆಟ್ಟದ ಅಡಿಯಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯ ಅಂಗಳದಲ್ಲಿ ಒಂದು ಪುಟ್ಟ ಮಂಟಪವಿದೆ. ಮಹಾದೇವಮ್ಮಾಜಿಯೊಡನೆ ಅವನ ಮದುವೆ 1796ರಲ್ಲಿ ನಡೆದುದು ಅಲ್ಲಿಯೇ. ಅರಮನೆಯ ಗೋಡೆ, ಮರದ ಮುಚ್ಚಿಗೆಗಳ ಮೇಲೆ ವರ್ಣಚಿತ್ರಗಳಿವೆ. ಎರಡು ಜನ ಕೂಡುವಷ್ಟೇ ಜಾಗದ ಆ ಮಂಟಪ ಹಸೆಯ ಕಲ್ಪನೆಗೆ ತೀರ ಹತ್ತಿರ. ಹಸೆಯನ್ನು ಅಳಿಸದೆ ಕಟ್ಟಡವಾಗಿ ನಿಲ್ಲಿಸಿದಂತಿದೆ. ವಧುವಿನ ಹೆಸರೂ ಅದರೊಡನೆ ಉಳಿದುಬಂದಿದೆ. ವಿಪರ್ಯಾಸವೆಂದರೆ, 1834ರಲ್ಲಿ ಕಂಪನಿಯ ಸೈನ್ಯ ಮಡಿಕೇರಿಗೆ ಬಂದಾಗ ಗೌರಮ್ಮನ ತಂದೆ ಹಿಂಜರಿದು ಸೇರಿಕೊಂಡದ್ದು ಇದೇ ಅರಮನೆಗೆ.

ಇಲ್ಲಿಂದ ಬಂಕಾಪುರಕ್ಕೆ ಬರಬಹುದು. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯೊಳಗೆ, ಶಿಗ್ಗಾಂವಿ ತಾಲ್ಲೂಕಿನಲ್ಲಿ ಈ ಊರಿದೆ. ಬಂಕೆಯನ ಹೆಸರಿನ ಊರು; ಗುಣಭದ್ರನ ‘ಉತ್ತರಪುರಾಣ’ದ ಕಾರಣದಿಂದ ಜೈನ ಸಾಹಿತ್ಯಚರಿತ್ರೆಯಲ್ಲಿ, ನಗರೇಶ್ವರ ದೇವಾಲಯದ ಕಾರಣದಿಂದ ವಾಸ್ತುಚರಿತ್ರೆಯಲ್ಲಿ ಇದಕ್ಕೆ ಸ್ಥಾನವಿದೆ. ರಾಜವಿವಾಹದ ಚರಿತ್ರೆಯಲ್ಲಿ ಇದರ ಸ್ಥಾನ ಬಳುವಳಿಯದು. ಬಹಮನಿ ಸುಲ್ತಾನ ಫಿರೋಜ್ ಶಹಾನಿಗೂ ವಿಜಯನಗರದ ಒಂದನೆಯ ದೇವರಾಯನಿಗೂ 1406ರ ಸುಮಾರಿಗೆ ನಡೆದ ಯುದ್ಧದ ಕೊನೆಯಲ್ಲಿ ದೇವರಾಯ ತನ್ನ ಮಗಳನ್ನು ಸುಲ್ತಾನನಿಗೆ ಕೊಟ್ಟು, ಅಪಾರ ಹೊನ್ನು, ಮುತ್ತು, ಆನೆಗಳೊಡನೆ ಬಂಕಾಪುರದ ಕೋಟೆಯನ್ನು ಬಳುವಳಿಯಾಗಿ ಬಿಟ್ಟುಕೊಟ್ಟನೆಂದು ಫೆರಿಶ್ತಾ ಬರೆದಿದ್ದಾನೆ. ಫೆರಿಶ್ತಾ ಈ ಘಟನೆಯಿಂದ ಸುಮಾರು ಇನ್ನೂರು ವರ್ಷಗಳ ಅನಂತರ ಬಿಜಾಪುರದ ಆದಿಲ್‌ಶಾಹಿ ಆಶ್ರಯದಲ್ಲಿ ಬರೆದವನು. ಅವನ ವರದಿಯನ್ನು ಪೂರ್ತಿಯಾಗಿ ನಂಬಲು ಚರಿತ್ರಕಾರರು ಹಿಂಜರಿದಿರುವುದು ಸಹಜ. ಆದರೂ ಅದು ಮದುವೆಯ ಒಂದು ಶಬ್ದಚಿತ್ರ.

ಆ ಶಬ್ದಚಿತ್ರದ ವಿಸ್ತಾರ ಫ್ರಿತ್‌ನ ಬಟ್ಟೆಗೆ ಹಿಡಿಸದು. ನಲವತ್ತು ದಿನಗಳ ಸಂಭ್ರಮ, ಸುಲ್ತಾನನ ಬೀಡಿನಿಂದ ನಗರದವರೆಗೆ ದಾರಿಯ ಎರಡೂ ಬದಿಗೆ ಅಂಗಡಿಗಳ ಸಾಲು, ನಗರದ ಬಾಗಿಲಿನಿಂದ ಅರಮನೆಯವರೆಗೆ ಹಾಸಿದ ಮಖಮಲ್ಲು, ರೇಷ್ಮೆ, ಚಿನ್ನ ಬೆಳ್ಳಿಯ ಹೂಗಳನ್ನೆರಚುವ ಹುಡುಗ ಹುಡುಗಿಯರು, ಇಬ್ಬರು ಅರಸರು ಜೊತೆಯಾಗಿ ಸಾಗುವ ಸವಾರಿ. ಕೊನೆಗೆ ಬೀಗರ ಮುನಿಸು: ದೇವರಾಯ ಸುಲ್ತಾನನನ್ನು ಬೀಡಿನವರೆಗೂ ಕಳುಹಿಸಿಕೊಡದೆ ನಡುದಾರಿಯಿಂದಲೇ ಹಿಂದಿರುಗಿದನೆಂಬುದು ಸುಲ್ತಾನನ ಮನಸ್ಸಿನಲ್ಲಿ ಕೊರೆಯಿತಂತೆ. ಬೀಗರನ್ನು ಎಲ್ಲಿಯವರೆಗೆ ಸಾಗಹಾಕಬೇಕು ಎಂಬ ಪ್ರಶ್ನೆಗೆ ಇಂದಿಗೂ ಬ್ಯಾಡಗಿ, ರಾಣೆಬೆನ್ನೂರಿನ ಹಳ್ಳಿಗಳಲ್ಲಿ ಮನಸ್ತಾಪಗಳಾಗುತ್ತವೆ. ಈ ಒಂದು ವಿವರ ಫೆರಿಶ್ತಾನ ಕಥನಕ್ಕೆ ಲೋಕಾನುಭವದ ಮುದ್ರೆ ಒತ್ತಿದೆ. ಮಖಮಲ್ಲನ್ನು ಅನುಮಾನಿಸಿದರೂ ಮುನಿಸನ್ನು ಅನುಮಾನಿಸುವುದು ಕಷ್ಟ.

ವಿಂಡ್ಸರಿನ ಚಿತ್ರಕ್ಕೂ ಈ ಶಬ್ದಚಿತ್ರಕ್ಕೂ ಇರುವ ಸಮಾನಗುಣ ಇಲ್ಲಿ ಸ್ಪಷ್ಟವಾಗುತ್ತದೆ. ಎರಡರಲ್ಲಿಯೂ ಆಯೇರಿಯ ಪಟ್ಟಿ ಪೂರ್ಣವಾಗಿದೆ, ಸಾಕ್ಷಿಗಳ ಪಟ್ಟಿ ಪೂರ್ಣವಾಗಿದೆ. ಒಂದರಲ್ಲಿ ಕೋಟೆ ಕೈಬದಲಾಗುತ್ತದೆ; ಇನ್ನೊಂದರಲ್ಲಿ ಆಗಲೇ ಕೈಬದಲಾದ ರಾಜ್ಯದ ಒಡೆಯನನ್ನು ಅತಿಥಿಯಾಗಿ ನಿಲ್ಲಿಸಲಾಗಿದೆ. ಒಡಪಿಗೆ ಮಾತ್ರ ಎರಡರಲ್ಲಿಯೂ ಎಡೆಯಿಲ್ಲ. ಅಲೆಕ್ಸಾಂಡ್ರಾಳಿಗೆ ಹೆಸರಾದರೂ ಉಂಟು. ದೇವರಾಯನ ಮಗಳಿಗೆ ಅದೂ ಇಲ್ಲ. ಮುತ್ತಿನ ತೂಕ, ಆನೆಗಳ ಸಂಖ್ಯೆ ಹೇಳುವ ಫೆರಿಶ್ತಾ ಅವಳನ್ನು ಹೆಸರಿಸುವುದಿಲ್ಲ.

ಅದು ಹೆಂಗಸರ ಹೆಸರನ್ನೇ ಹೇಳಬಾರದೆಂಬ ಬರೆಹಗಾರನ ನಿಯಮವೂ ಅಲ್ಲ. ಈ ಯುದ್ಧಕ್ಕೆ ಕಾರಣಳೆಂದು ಅವನೇ ಹೇಳುವ ಇನ್ನೊಬ್ಬ ಹುಡುಗಿಯಿದ್ದಾಳೆ. ಮುದಗಲ್ಲಿನ ಬಡ ಅಕ್ಕಸಾಲಿಗನ ಮಗಳು. ಚೆಲುವೆ, ಸಂಗೀತ ಬಲ್ಲವಳು. ಅವಳ ಕೀರ್ತಿಯನ್ನು ಕೇಳಿ ದೇವರಾಯ ಒಡವೆ ಕಳುಹಿಸಿ ಹೆಣ್ಣು ಕೇಳಿಸಿದ. ವಿಜಯನಗರದ ಅಂತಃಪುರ ಸೇರಿದವರು ತಂದೆತಾಯಿಗಳ ಮುಖವನ್ನು ಮತ್ತೆ ನೋಡಲಾರರೆಂದು ಅವಳು ಒಲ್ಲೆನೆಂದಳು. ಅವಳನ್ನು ಹಿಡಿದು ತರಲು ಬಂದ ದಂಡಿನಿಂದಲೇ ಜಗಳ ಹತ್ತಿತು. ಯುದ್ಧ ಮುಗಿದ ಬಳಿಕ ಅವಳು ಫಿರೋಜ್ ಶಹಾನ ಮಗ ಹಸನ್ ಖಾನನ ಹೆಂಡತಿಯಾದಳು. ಅರಸನಿಗೆ ಒಲ್ಲೆನೆಂದ ಈ ಹುಡುಗಿಯ ಹೆಸರನ್ನು ಫೆರಿಶ್ತಾ ಬರೆದಿಟ್ಟಿದ್ದಾನೆ: ಪೆರ್ತಾಲ್.